ಹಳೆ ಮರದ ಬೋಟಿನಲ್ಲಿ ಕುಂಬು ಹುಡುಕುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆಯಿರಲಿ, ಗಂಗೊಳ್ಳಿಯಿರಲಿ, ತದಡಿಯಿರಲಿ, ದುರಸ್ತಿಗೆ ಸಿಗುವುದು ಈ 61 ದಿನ. ದಡಕ್ಕೆಳೆದ ಬೋಟಿನ ತಳವನ್ನು ಎಲ್ಲರೂ ಕೆರೆದು ನೋಡುತ್ತಾರೆ. ನೋಡಬೇಕಾದ್ದೇ. ಆದರೆ ನೀರಿನಡಿಯ ಹಲಗೆಗೆ ಕಾಟ ಕೊಡುವುದು ಹೆಚ್ಚಾಗಿ ಮರ ಕೊರೆಯುವ ಹುಳು. ಕುಂಬು, ಅಂದರೆ ಮರದ ಕೊಳೆತ, ಹಿಡಿಸುವ ಶಿಲೀಂಧ್ರಕ್ಕೆ ಉಪ್ಪುನೀರು ಕುಡಿದ ಮರ ಅಷ್ಟಾಗಿ ಒಗ್ಗುವುದಿಲ್ಲ. ಅದಕ್ಕೆ ಮಳೆನೀರು, ಕರಗಿದ ಐಸಿನ ನೀರು, ಗಾಳಿಯಾಡದ ಮೂಲೆ ಬೇಕು. ಆದ್ದರಿಂದ ಹುಡುಕಾಟ ಡೆಕ್ಕಿನಿಂದ ಶುರುವಾಗಿ ಕೆಳಗಿಳಿಯಲಿ.

200–250 ಗ್ರಾಂ ತೂಕದ ಸುತ್ತಿಗೆ, ದಬ್ಬಣ, ಟಾರ್ಚು, ಸೀಮೆಸುಣ್ಣ, 6 ಮಿ.ಮೀ. ಬಿಟ್ ಹಾಕಿದ ಡ್ರಿಲ್ ಸಾಕು. ತೇವಾಂಶ ಅಳೆಯುವ ಮೀಟರ್ ಇದ್ದರೆ ಶೇ 20ಕ್ಕಿಂತ ಕೆಳಗಿನ ಅಂಕಿ ನಿಶ್ಚಿಂತೆಯದು. ಮರದೊಳಗೆ ಉಪ್ಪಿದ್ದರೆ, ಇಲ್ಲದ ತೇವವನ್ನೂ ಮೀಟರ್ ತೋರಿಸುತ್ತದೆ. ಅದೊಂದನ್ನೇ ನಂಬಿ ಹಲಗೆ ಕೀಳಬೇಡಿ.

ಮೊದಲು ತಳದಲ್ಲಿ ನಿಂತ ನೀರು, ಡೀಸೆಲ್ ಮಡ್ಡಿ ತೆಗೆದು, ಮುಚ್ಚಳಗಳನ್ನೆಲ್ಲ ತೆರೆದು ಒಣಗಲು ಬಿಡಿ. ಒದ್ದೆ ಮರ ಗಟ್ಟಿಯಿದ್ದರೂ ಬಡಿದರೆ ಮಂಕಾಗಿಯೇ ಕೇಳಿಸುತ್ತದೆ.

ಆಮೇಲೆ ಸುತ್ತಿಗೆ. ವೀಲ್‌ಹೌಸಿನ (ಬೋಟು ನಡೆಸುವ ಕೋಣೆಯ) ಬುಡ, ಡೆಕ್ ಕೆಳಗಿನ ಅಡ್ಡತೊಲೆಗಳ ತುದಿ, ಹಲಗೆಗಳನ್ನು ಒಳಗಿಂದ ಹಿಡಿದಿಡುವ ಪಕ್ಕೆಮರಗಳ ತಲೆ, ಹಿಂಬದಿಯ ಅಡ್ಡಹಲಗೆಯ ಮೂಲೆ, ನೀರು ಹೊರಹೋಗುವ ಕಿಂಡಿಗಳ ಸುತ್ತ ಅಂಗೈಯಗಲಕ್ಕೊಂದರಂತೆ ಹಗುರವಾಗಿ ಬಡಿಯುತ್ತ ಹೋಗಿ. ಗಟ್ಟಿ ಮರ ಟಣ್ ಎಂದು ಸುತ್ತಿಗೆಯನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಲಡ್ಡಾದ ಮರ ದಬ್ ಎಂದು ಏಟನ್ನು ನುಂಗುತ್ತದೆ. ಸದ್ದು ಬದಲಾದಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆಯಿರಿ.

ಗುರುತು ಹಾಕಿದ ಜಾಗಕ್ಕೆ ದಬ್ಬಣ. ನೇರವಾಗಿ ಚುಚ್ಚಬೇಡಿ, ಒದ್ದೆಯಾದ ಮೆದು ಮರದಲ್ಲಿ ಅದು ಹೇಗೂ ಇಳಿಯುತ್ತದೆ. ಓರೆಯಾಗಿ ಅರ್ಧ ಸೆಂ.ಮೀ. ಇಳಿಸಿ, ಮೇಲಕ್ಕೆ ಮೀಟಿ. ಸಾಗುವಾನಿಯಾಗಲಿ ಹೆಬ್ಬಲಸಾಗಲಿ, ಚೆನ್ನಾಗಿದ್ದರೆ ಚಟ್ಟನೆ ಸದ್ದಾಗಿ ಉದ್ದನೆಯ ಸಿಬಿರು ಏಳುತ್ತದೆ. ಕುಂಬಾಗಿದ್ದರೆ ಸದ್ದೇ ಇಲ್ಲ, ದಬ್ಬಣದ ಮೊನೆಯಲ್ಲೇ ತುಂಡು ಮುರಿದು ಬೆರಳಲ್ಲಿ ಪುಡಿಯಾಗುತ್ತದೆ. ಮರ ಕಂದಾಗಿ ಚೌಕ ಚೌಕ ಬಿರಿದಿದ್ದರೆ ತಡವಾಗಿದೆಯೆಂದೇ ಅರ್ಥ.

ಹೊರಗೆ ಗಟ್ಟಿ, ಒಳಗೆ ಟೊಳ್ಳು ಎಂಬ ಅನುಮಾನವಿದ್ದರೆ ಮಾತ್ರ ಡ್ರಿಲ್. ಒಳಬದಿಯಿಂದ, ಮರದ ಅರ್ಧ ದಪ್ಪದವರೆಗಷ್ಟೇ. ಬಿಟ್ಟಿನ ಜತೆ ಸುರುಳಿ ಸುರುಳಿ ಹೊಟ್ಟು ಬಂದರೆ ಸರಿ. ಕಪ್ಪು ಹುಡಿ, ಅಣಬೆ ವಾಸನೆ ಬಂದರೆ ಅಲ್ಲಿಂದ ಉದ್ದಕ್ಕೂ ಹುಡುಕಿ. ತೂತಿಗೆ ಗಟ್ಟಿ ಮರದ ಬೆಣೆಯನ್ನು ಎಪಾಕ್ಸಿ ಅಂಟಿನಲ್ಲಿ ಅದ್ದಿ ಹೊಡೆಯದೆ ಬಿಟ್ಟರೆ ನೀರಿಗೆ ನೀವೇ ದಾರಿ ಮಾಡಿಕೊಟ್ಟಂತೆ.

ಅತಿ ಹೆಚ್ಚು ಮೋಸ ಮಾಡುವುದು ಮೀನಿನ ಹೋಲ್ಡ್, ಅಂದರೆ ಐಸು ಹಾಕಿ ಮೀನು ತುಂಬಿಡುವ ಕೋಣೆ. ಥರ್ಮಾಕೋಲ್, ಅದರ ಮೇಲೆ ಫೈಬರ್ ಹೊದಿಕೆ. ಬಿರುಕೊಂದರಲ್ಲಿ ಇಳಿದ ಐಸು ನೀರು ಹಿಂದಿನ ಪಕ್ಕೆಮರಕ್ಕೆ ಅಂಟಿಕೊಂಡೇ ಇರುತ್ತದೆ. ಹೊರಮೈಗೆ ಫೈಬರ್ ಹೊದೆಸಿದ ಬೋಟಿನದೂ ಇದೇ ಕತೆ. ಹೊದಿಕೆ ಉಬ್ಬಿದಲ್ಲಿ ಕೈಯಗಲ ಕತ್ತರಿಸಿ ನೋಡದೆ ಬೇರೆ ದಾರಿಯಿಲ್ಲ. ಹಳೆ ಬೋಟು ಕೊಳ್ಳುವವರು ಹೊಸ ಬಣ್ಣ, ದಪ್ಪ ಪುಟ್ಟಿ ಕಂಡಲ್ಲಿ ಇನ್ನಷ್ಟು ಹತ್ತಿರ ಹೋಗಬೇಕು.

ಕೀಲ್‌ (ತಳದ ಉದ್ದಕ್ಕೂ ಹೋಗುವ ನಡುದಿಮ್ಮಿ) ಹಾಗೂ ಎಂಜಿನ್ ಕೂತ ದಿಮ್ಮಿಗಳಲ್ಲಿ ಒಂದೆರಡು ಬೋಲ್ಟು ಬಿಚ್ಚಿ. ತಲೆ ದಪ್ಪಗಿದ್ದು ನಡು ಪೆನ್ಸಿಲಿನಂತೆ ಸವೆದಿದ್ದರೆ ಸುತ್ತಲಿನ ಮರವನ್ನೂ ತುಕ್ಕು ತಿಂದು ಕಪ್ಪಾಗಿಸಿರುತ್ತದೆ. ಅಲ್ಲಿ ಹೊಸ ಬೋಲ್ಟು ಹಿಡಿಯುವುದಿಲ್ಲ.

ಕುಂಬು ಕಂಡಷ್ಟೇ ಕಡಿದರೆ ಸಾಲದು. ಶಿಲೀಂಧ್ರದ ಎಳೆ ಕಣ್ಣಿಗೆ ಗಟ್ಟಿಯಾಗಿ ಕಾಣುವ ಮರದಲ್ಲೂ ಹಬ್ಬಿರುತ್ತದೆ. ನಾರಿನ ಉದ್ದಕ್ಕೆ ಆಚೀಚೆ ಕನಿಷ್ಠ 30 ಸೆಂ.ಮೀ. ಸೇರಿಸಿ ತೆಗೆಸಿ. ಹೊಸ ತುಂಡನ್ನು ಓರೆಬೆಸುಗೆಯಲ್ಲಿ ಕೂಡಿಸುವಾಗ ಹಲಗೆಯ ದಪ್ಪದ ಎಂಟು ಪಟ್ಟು ಉದ್ದದ ಇಳಿಜಾರು ಬೇಕು: 4 ಸೆಂ.ಮೀ. ಹಲಗೆಗೆ 32 ಸೆಂ.ಮೀ. ಪಕ್ಕೆಮರಕ್ಕೆ ರಾಳ ಸುರಿದು ಗಟ್ಟಿ ಮಾಡಿಸುವುದು ಹಣ ದಂಡ. ಭಾರ ಹೊರುವ ಮರ ಬದಲಾಗಲೇಬೇಕು.

ಪರೀಕ್ಷೆ ಮುಗಿದ ಮೇಲೂ ಮಳೆ ಬಾಕಿಯಿರುತ್ತದೆ. ಬೋಟು ದಡದ ಮೇಲಿದ್ದರೆ ತಳದ ಬಿರಡೆ ತೆಗೆದಿಡಿ, ಟಾರ್ಪಾಲಿನ ಎರಡೂ ತುದಿ ಎತ್ತಿ ಕಟ್ಟಿ ಗಾಳಿ ಆಡಲಿ. ನೀರಿಗಿಳಿಸುವ ಮುನ್ನ ಬಿರಡೆ ಹಾಕುವುದನ್ನು ಬೋಟು ನಡೆಸುವ ತಾಂಡೇಲರಿಗೆ ನೆನಪಿಸಿ.