ಬನ್ನಿಕಾಯಿ ಕಾಲಕ್ಕೆ ಕಾದು ಬರೆದ ಅಡುಗೆ ಪುಸ್ತಕ

ಜೈಸಲ್ಮೇರ್‌ನಿಂದ ಸಮ್ ಮರಳು ದಿಬ್ಬಗಳಿಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ರೆಸ್ಟೋರೆಂಟ್ ಇದೆ. ಎಂಟು ಮೇಜು, ಹಿತ್ತಲಲ್ಲಿ ಎರಡು ಮಣ್ಣಿನ ಒಲೆ. ಅಲ್ಲಿ ನಾನು ಆರು ವರ್ಷ ಅಡುಗೆ ಮಾಡಿದೆ. ನಾನು ಕೊಪ್ಪಳದ ಕಡೆಯವಳು. ನನ್ನ ಜೊತೆಗೆ ಅಲ್ಲಿನ ಹಳ್ಳಿಯ ಮೂವರು ಹೆಂಗಸರು ಇದ್ದರು. ಅವರಲ್ಲಿ ಹಿರಿಯರನ್ನು ನಾವೆಲ್ಲ ಕಾಕೀಸಾ, ಅಂದರೆ ಚಿಕ್ಕಮ್ಮ, ಅಂತ ಕರೆಯುತ್ತಿದ್ದೆವು. ಅಡುಗೆ ನಿಜವಾಗಿ ಅವರದೇ.

ಊಟ ಮಾಡಿದವರು ಎದ್ದು ಹೋಗುವಾಗ ಒಂದು ಮಾತು ಕೇಳಿಯೇ ಕೇಳುತ್ತಿದ್ದರು. ಈ ಪಲ್ಯ ಹೇಗೆ ಮಾಡಿದ್ರಿ? ಐದನೇ ವರ್ಷ ಮಾಲೀಕರು, ಒಂದು ಪುಸ್ತಕವನ್ನೇ ಮಾಡಿಬಿಡೋಣ, ನೀನೇ ಬರಿ ಅಂದರು. ನಾನು ಜನವರಿ ತಿಂಗಳಲ್ಲಿ ಕೂತು ನಲವತ್ತು ಅಡುಗೆ ಬರೆದು ಮುಗಿಸಿದೆ. ರೊಟ್ಟಿ, ಪಲ್ಯ, ಸಾರು, ಸಿಹಿ ಅಂತ ಭಾಗ ಮಾಡಿದ್ದೆ. ಚೆನ್ನಾಗಿದೆ ಅಂತಲೇ ಅಂದುಕೊಂಡಿದ್ದೆ.

ಕಾಕೀಸಾಗೆ ಓದಲು ಬರುವುದಿಲ್ಲ. ಅದಕ್ಕೆ ಒಲೆ ಮುಂದೆ ಕೂತು ಒಂದೊಂದೇ ಓದಿ ಹೇಳಿದೆ. ಕೇರ್, ಸಾಂಗರಿ ಅನ್ನುವ ಎರಡು ಒಣ ಕಾಯಿಗಳ ಪಲ್ಯ ಬಂದಾಗ ಅವರು ತಡೆದರು. ನನ್ನನ್ನು ಅವರು ಕರೆಯುತ್ತಿದ್ದದ್ದು ಬಾಯಿಸಾ ಅಂತ. "ಬಾಯಿಸಾ, ಸಾಂಗರಿ ಎಲ್ಲಿಂದ ಬಂತು?" ಡಬ್ಬಿಯಿಂದ ಅಂದೆ. "ಡಬ್ಬಿಗೆ ಎಲ್ಲಿಂದ ಬಂತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಗೆ ಪ್ರವಾಸಿಗರು ಬರುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಏಪ್ರಿಲ್ ಬಂದರೆ ರೆಸ್ಟೋರೆಂಟ್ ಬಾಗಿಲು ಹಾಕುತ್ತಿತ್ತು, ನಾನು ಊರಿಗೆ ಬರುತ್ತಿದ್ದೆ. ಸಾಂಗರಿ ಕೀಳುವುದು, ಕೇರ್ ನೆನೆಹಾಕುವುದು ಎಲ್ಲಾ ಆಗುವುದೇ ಏಪ್ರಿಲ್, ಮೇ ತಿಂಗಳಲ್ಲಿ. ಐದು ವರ್ಷ ದಿನಾ ಬೇಯಿಸಿದ ಕಾಯಿಯನ್ನು ನಾನು ಮರದ ಮೇಲೆ ಒಂದು ಸಲವೂ ನೋಡಿರಲಿಲ್ಲ. ಬರೆದದ್ದನ್ನು ಪಕ್ಕಕ್ಕಿಟ್ಟೆ. ಆ ಬೇಸಿಗೆ ಊರಿಗೆ ಹೋಗಲಿಲ್ಲ.

ಮರ ನೋಡಿದಾಗ ಮೈ ಜುಮ್ ಅಂತು. ಅವರು ಖೇಜ್ಡಿ ಅನ್ನುವುದು ನಮ್ಮ ಬನ್ನಿ ಮರ! ದಸರೆಯ ದಿನ ಎಲೆ ಹಂಚಿ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತೇವಲ್ಲ, ಅದೇ. ನಮ್ಮಲ್ಲಿ ಪೂಜೆ ಮಾಡಿ ಸುಮ್ನಾಗುತ್ತೇವೆ. ಅಲ್ಲಿ ಅದರ ಎಳೆ ಕಾಯಿಯೇ ಸಾಂಗರಿ, ಅದು ಪಲ್ಯಕ್ಕೆ, ಎಲೆ ಆಡು-ಒಂಟೆಗಳಿಗೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಈ ಮರಗಳನ್ನು ಕಡಿಯಲು ರಾಜನ ಆಳುಗಳು ಬಂದರು. ಅಮೃತಾದೇವಿಯೂ ಸೇರಿ ಬಿಷ್ಣೋಯಿ ಪಂಥದ 363 ಜನ ಮರ ತಬ್ಬಿಕೊಂಡು ಪ್ರಾಣ ಕೊಟ್ಟರು. ಈ ಕತೆ ನನಗೆ ಗೊತ್ತಿತ್ತು. ಆದರೆ ಅದು ನಮ್ಮ ಬನ್ನಿ ಅಂತ ಆವತ್ತೇ ತಿಳಿದದ್ದು.

ಬೆಳಿಗ್ಗೆ ಬಿಸಿಲು ಏರುವ ಮುಂಚೆ ಕೊಕ್ಕೆ ಕೋಲು ಹಿಡಿದು ಹೊರಡುತ್ತಿದ್ದೆವು. ಕೊಂಬೆಯ ತುಂಬ ಮುಳ್ಳು. ಕಾಯಿ ತೆಳ್ಳಗೆ, ಹಸಿರಾಗಿ ಇರುವಾಗಲೇ ಕೀಳಬೇಕು. ಒಂದು ವಾರ ತಡವಾದರೆ ಒಳಗೆ ಬೀಜ ಬಲಿಯುತ್ತದೆ, ನಾರು ಬರುತ್ತದೆ. ಮರದಲ್ಲೇ ಬಿಟ್ಟರೆ ಹಣ್ಣಾಗಿ ಸಿಹಿಯಾಗುತ್ತದೆ. ಅದಕ್ಕೆ ಖೋಖಾ ಅಂತಾರೆ, ಮಕ್ಕಳು ತಿನ್ನುತ್ತಾರೆ. ಇನ್ನೊಂದು ವಿಷಯ ಕೇಳಿ. ಚಳಿಗಾಲದಲ್ಲಿ ಮೇವಿಗೆ ಅಂತ ಕೊಂಬೆ ಕಡಿದ ಮರ ಬೇಸಿಗೆಯಲ್ಲಿ ಕಾಯಿ ಕೊಡುವುದಿಲ್ಲ. ಯಾವ ಮರ ಆಡಿಗೆ, ಯಾವುದು ಅಡುಗೆಗೆ ಅನ್ನುವುದು ನವೆಂಬರ್‌ನಲ್ಲೇ ತೀರ್ಮಾನ ಆಗಿರುತ್ತದೆ. ನಾನು ಪುಸ್ತಕದಲ್ಲಿ "100 ಗ್ರಾಂ ಸಾಂಗರಿ" ಅಂತ ಒಂದೇ ಗೆರೆಯಲ್ಲಿ ಬರೆದು ಮುಗಿಸಿದ್ದೆ.

ತಂದ ಕಾಯಿಯನ್ನು ಉಪ್ಪುನೀರಲ್ಲಿ ಒಂದು ಕುದಿ ಬರಿಸಿ, ಬಸಿದು, ಚಾಪೆಯ ಮೇಲೆ ಹರವುತ್ತಾರೆ. ಅಲ್ಲಿನ ಬಿಸಿಲಿಗೆ ಬೇಗ ಒಣಗಿ ಕಪ್ಪು ದಾರದ ಹಾಗೆ ಸುರುಳಿಯಾಗುತ್ತದೆ. ಕೇರ್ ಬೇರೆ ಗಿಡ. ಎಲೆಯೇ ಕಾಣದ ಮುಳ್ಳಿನ ಪೊದೆ, ಅದರಲ್ಲಿ ಕಡಲೆಕಾಳಿನಿಂದ ಗೋಲಿಯವರೆಗಿನ ಗಾತ್ರದ ಹಸಿರು ಕಾಯಿ. ಚಿಕ್ಕದಕ್ಕೇ ಬೆಲೆ ಜಾಸ್ತಿ. ಹಸಿಯಾಗಿ ಬಾಯಿಗಿಟ್ಟರೆ ಬೇವಿನಂಥ ಕಹಿ. ಮಡಕೆಯಲ್ಲಿ ಉಪ್ಪುನೀರಿಗೋ ಹುಳಿ ಮಜ್ಜಿಗೆಗೋ ಹಾಕಿ ಕೆಲವು ದಿನ ಇಡುತ್ತಾರೆ. ನೀರು ಬದಲಿಸುತ್ತಾ ಹೋಗುತ್ತಾರೆ. ಹಸಿರು ಹೋಗಿ ಹಳದಿ ತಿರುಗಿದಾಗ ಕಹಿಯೂ ಹೋಗಿರುತ್ತದೆ. ಆಮೇಲೆ ಒಣಗಿಸುವುದು.

ಜೈಸಲ್ಮೇರ್‌ನಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆ ಬಂದರೆ ದೊಡ್ಡದು. ಹಸಿ ತರಕಾರಿ ಸಿಗುವುದು ಕೆಲವೇ ವಾರ. ಉಳಿದ ತಿಂಗಳೆಲ್ಲ ಆ ಕೆಲವು ವಾರಗಳನ್ನು ಡಬ್ಬಿಯಿಂದ ತೆಗೆದು ತಿನ್ನುವುದು. ಬಾಳಕದ ಮೆಣಸಿನಕಾಯಿ, ಸಂಡಿಗೆ ಮಾಡುವ ಮನೆಯಲ್ಲಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಅಲ್ಲಿಂದ ಪುಸ್ತಕವನ್ನು ಕಾಲಗಳ ಪ್ರಕಾರ ಹೊಸದಾಗಿ ಕಟ್ಟಿದೆ. ಪ್ರತಿ ಕಾಲದ ಭಾಗದಲ್ಲೂ ಮೊದಲಿಗೆ, ಏನನ್ನು ಕೂಡಿಡಬೇಕು ಅನ್ನುವ ಪುಟಗಳು. ಆಮೇಲೆ ಅಡುಗೆ.

ಶುರು ಮಾಡಿದ್ದು ಶೀತಲಾಷ್ಟಮಿಯಿಂದ. ಹೋಳಿ ಕಳೆದ ಎಂಟನೇ ದಿನ ಒಲೆ ಹಚ್ಚುವುದಿಲ್ಲ. ಹಿಂದಿನ ದಿನ ಮಾಡಿಟ್ಟ ತಣ್ಣನೆಯ ಊಟ. ಬೇಸಿಗೆ ಬಂತು ಅನ್ನುವುದಕ್ಕೆ ಅದೇ ಗುರುತು. ರಾಬ್ ಅನ್ನುವ ಅಂಬಲಿ ಕೂಡ ಅಲ್ಲಿಂದ ರೂಪ ಬದಲಿಸುತ್ತದೆ. ಚಳಿಗಾಲದಲ್ಲಿ ಸಜ್ಜೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ, ಕಾಸಿ, ಬಿಸಿಬಿಸಿ ಕುಡಿಯುತ್ತಾರೆ. ಬೇಸಿಗೆಯಲ್ಲಿ ಅದೇ ಹಿಟ್ಟು-ಮಜ್ಜಿಗೆಯನ್ನು ಬಿಸಿಲಲ್ಲಿಟ್ಟು ಹುಳಿ ಬರಿಸಿ, ಸಂಜೆ ಬೇಯಿಸಿ, ಮರುದಿನ ಬೆಳಿಗ್ಗೆ ತಣ್ಣಗೆ. ಒಂದೇ ಸಾಮಾನು, ಎರಡು ಕಾಲ. ಇದನ್ನು ಎರಡು ಕಡೆ ಬರೆದೆ.

ಮಳೆಗಾಲದ ಭಾಗ ಚಿಕ್ಕದು. ಮಳೆ ಬಿದ್ದ ಮೇಲೆ ಮರಳಿನಿಂದ ಏಳುವ ಖುಂಬಿ ಅಣಬೆ, ಮತೀರಾ ಅನ್ನುವ ಕಲ್ಲಂಗಡಿ, ನಮ್ಮ ಹೊಲದ ಮೆಕ್ಕೆಕಾಯಿಯಂಥ ಕಾಚರಿ. ಕಾಚರಿಯನ್ನು ಹೆಚ್ಚಿ ಒಣಗಿಸಿ ಪುಡಿ ಮಾಡಿದರೆ ವರ್ಷಪೂರ್ತಿ ಹುಣಸೆಯ ಕೆಲಸ ಮಾಡುತ್ತದೆ. ಆಮೇಲೆ ಸಜ್ಜೆ ಕೊಯ್ಲು, ಮಡಕಿ ಕಾಳು, ಚವಳಿಕಾಯಿ. ಇಲ್ಲಿ ನನಗೆ ಊರೇ ನೆನಪಾಗುತ್ತಿತ್ತು. ಚಳಿಗಾಲಕ್ಕೆ ಖಡೀನ್‌ನ ಕಡಲೆ, ಗೋಧಿ. ಖಡೀನ್ ಅಂದರೆ ಇಳಿಜಾರಿನ ಮಳೆನೀರನ್ನು ಒಡ್ಡು ಕಟ್ಟಿ ನಿಲ್ಲಿಸುವ ಹೊಲ. ನೀರು ಇಂಗಿದ ಮೇಲೆ ಆ ತೇವದಲ್ಲೇ ಬಿತ್ತುತ್ತಾರೆ. ಅಲ್ಲಿ ನೆಲೆಸಿದ್ದ ಪಾಲಿವಾಲ ಬ್ರಾಹ್ಮಣರು ನೂರಾರು ವರ್ಷಗಳ ಹಿಂದೆ ರೂಢಿಗೆ ತಂದದ್ದು ಇದು.

ಅಳತೆ ಬರೆಯುವುದು ಕಷ್ಟದ ಕೆಲಸ. ಕಾಕೀಸಾ ಕೈಯಲ್ಲೇ ಹಾಕುತ್ತಾರೆ. ಅವರು ಹಾಕುವ ಮುಂಚೆ ಡಬ್ಬಿಯ ತೂಕ, ಹಾಕಿದ ಮೇಲೆ ಮತ್ತೆ ತೂಕ. ಒಂದೊಂದು ಅಡುಗೆಗೆ ಮೂರು ಸಲ. ಆಮೇಲೆ ಬೆಂಗಳೂರಿನಲ್ಲಿ ಅಕ್ಕನ ಮನೆಗೆ ಬಂದು ಎಲ್ಲವನ್ನೂ ಗ್ಯಾಸ್ ಒಲೆಯಲ್ಲಿ ಮಾಡಿ ನೋಡಿದೆ. ಮೊದಲ ದಿನವೇ ಎಲ್ಲಾ ಸಪ್ಪೆ! ನಮ್ಮ ರೆಸ್ಟೋರೆಂಟಿನ ಕೊಳವೆಬಾವಿಯ ನೀರೇ ಉಪ್ಪು. ಕಾವೇರಿ ನೀರಿಗೆ ಆ ಅಳತೆ ಸಾಲಲಿಲ್ಲ. ಕಾಳು ಮಾತ್ರ ಬೇಗ ಬೆಂದವು. ಉಪ್ಪಿನ ಅಳತೆ ಪೂರ್ತಿ ತಿದ್ದಿದೆ, ಬೇಯುವ ಹೊತ್ತು ಕಡಿಮೆ ಮಾಡಿದೆ.

ಎರಡನೇ ಪೆಟ್ಟು ಕೇರ್‌ನಿಂದ. ಒಂದು ರಾತ್ರಿ ನೆನೆಸಿ ಅಂತ ಬರೆದಿದ್ದೆ. ಗೆಳತಿಯೊಬ್ಬಳು ಅಂಗಡಿಯ ಕೇರ್ ತಂದು ಹಾಗೇ ಮಾಡಿದಳು, ಪಲ್ಯ ಇಡೀ ಕಹಿ. ಅದು ಕಹಿ ತೆಗೆಯದೆ ಒಣಗಿಸಿದ ಕಾಯಿ. ಈಗ ಪುಸ್ತಕದಲ್ಲಿ ಹೀಗಿದೆ: ನೆನೆಸಿದ ಮೇಲೆ ಒಂದು ಕಾಯಿ ಕಚ್ಚಿ ನೋಡಿ. ಕಹಿ ಇದ್ದರೆ ಹುಳಿ ಮಜ್ಜಿಗೆಯಲ್ಲಿ ಇನ್ನೆರಡು ದಿನ ಇಡಿ, ದಿನಾ ಮಜ್ಜಿಗೆ ಬದಲಿಸಿ. ಸಜ್ಜೆ ಹಿಟ್ಟೂ ಇಟ್ಟಷ್ಟು ಕಹಿಯಾಗುತ್ತದೆ, ವಾರಕ್ಕೆ ಬೇಕಾದಷ್ಟೇ ಬೀಸಿಸಿಕೊಳ್ಳಿ ಅಂತಲೂ ಸೇರಿಸಿದೆ.

ಸಾಂಗರಿ ಸಿಗದಿದ್ದರೆ ಬೀನ್ಸ್ ಹಾಕಿ ಅಂತ ಬರೆಯಿರಿ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಪೇಟೆಗಳಲ್ಲಿ ಒಣ ಸಾಂಗರಿ ಕಿಲೋಗೆ ಸಾವಿರ ರೂಪಾಯಿ ದಾಟುತ್ತದೆ, ನಿಜ. ಆದರೆ ನೂರು ಗ್ರಾಂ ನೆನೆದರೆ ಎರಡು ಪಟ್ಟಿಗಿಂತ ಜಾಸ್ತಿ ಉಬ್ಬುತ್ತದೆ. ಪಲ್ಯಕ್ಕೆ ನೀರು ಹಾಕದೆ ಎಣ್ಣೆಯಲ್ಲೇ ಬಾಡಿಸುವುದರಿಂದ ಮೂರು ದಿನ ಇಟ್ಟುಕೊಂಡು ಉಣ್ಣಬಹುದು. ಪ್ರತಿ ಅಡುಗೆಯ ಕೆಳಗೆ ಅದನ್ನು ಕಲಿಸಿದ ಹೆಂಗಸಿನ ಹೆಸರು ಹಾಕಿದೆ. ಮಾರಾಟದ ಹಣದಲ್ಲಿ ಮೂವರಿಗೂ ಪಾಲು ಇರಬೇಕು ಅಂತ ಮಾಲೀಕರಿಂದ ಮೊದಲೇ ಬರೆಸಿಕೊಂಡೆ. ಅಡುಗೆ ಪುಸ್ತಕ ಮಾಡುವ ಯಾರೇ ಆಗಲಿ ಇದನ್ನು ಮೊದಲ ದಿನವೇ ಮಾಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪುಸ್ತಕ ಅಚ್ಚಾಗಿ ಬಂದ ದಿನ ಕಾಕೀಸಾ ಚಿತ್ರಗಳನ್ನು ನಿಧಾನವಾಗಿ ನೋಡಿದರು. ತಮ್ಮ ಚಾಪೆಯ ಚಿತ್ರ ಬಂದಾಗ, ಕೆಳಗಿರುವುದನ್ನು ಓದು ಅಂದರು. ಓದಿದೆ. "ಬಿಸಿಲಿಂದ ತೆಗೆದು ಸೀದಾ ಡಬ್ಬಿಗೆ ಹಾಕಿಸಿದ್ದೀಯಲ್ಲ ಬಾಯಿಸಾ. ಒಂದು ರಾತ್ರಿ ನೆರಳಲ್ಲಿ ತಣ್ಣಗಾಗಲು ಬಿಡಬೇಕು. ಇಲ್ಲಾಂದ್ರೆ ಒಳಗೆ ಬೆವತು ಬೂಸ್ಟು ಹಿಡಿಯುತ್ತೆ." ನಾನು ಅದನ್ನು ಬಿಟ್ಟೇಬಿಟ್ಟಿದ್ದೆ. ಆ ಸಾಲನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ, ಉಳಿದ ಪ್ರತಿಗಳಲ್ಲಿ ಆ ಪುಟಕ್ಕೆ ನಾವು ನಾಲ್ವರೂ ಕೂತು ಅಂಟಿಸಿದೆವು.