ನೋಟಿಸ್ ಪುಸ್ತಕದ ಸಹಿ ಮತ್ತು ಒಂದು ಪೆನ್ಸಿಲ್

ಮುಖ್ಯ ಶಿಕ್ಷಕಿಯಾದ ಮೊದಲ ಎರಡು ವರ್ಷ ನಮ್ಮ ಸ್ಟಾಫ್ ಮೀಟಿಂಗ್ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಅದೇ ನನ್ನ ಹೆಗ್ಗಳಿಕೆ ಅಂದುಕೊಂಡಿದ್ದೆ. ನಾನು ಓದುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಕೊನೆಗೆ "ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಅಂತ ಕೇಳುತ್ತಿದ್ದೆ, ಫೈಲ್ ಮುಚ್ಚುತ್ತಲೇ. ಯಾರೂ ಬಾಯಿ ಬಿಡುತ್ತಿರಲಿಲ್ಲ. ನಿಜವಾದ ಮೀಟಿಂಗ್ ಆಮೇಲೆ ಕಾರಿಡಾರ್‌ನಲ್ಲಿ ನಡೆಯುತ್ತಿತ್ತು.

ನನ್ನ ಕಣ್ಣು ತೆರೆಸಿದ್ದು ಟೈಮ್‌ಟೇಬಲ್. ರಜೆಯಲ್ಲಿ ಒಬ್ಬಳೇ ಕೂತು ಹಾಕಿದ್ದೆ, ಎಲ್ಲೂ ಕ್ಲ್ಯಾಶ್ ಇರಲಿಲ್ಲ. ಒಂದು ದಿನ ಏಳನೇ ತರಗತಿಯ ಗಣಿತದ ಮಿಸ್ ಬಂದಿರಲಿಲ್ಲ, ನಾನೇ ಹೋದೆ. ಮಕ್ಕಳು ಆಟದ ಪಿರಿಯಡ್ ಮುಗಿಸಿ ಏದುಸಿರು ಬಿಡುತ್ತಾ ಬಂದರು. ನೀರು ಕುಡಿದು, ಶೂ ಲೇಸ್ ಕಟ್ಟಿಕೊಂಡು ಕೂರುವಷ್ಟರಲ್ಲಿ 12 ನಿಮಿಷ ಹೋಯ್ತು. ಭಿನ್ನರಾಶಿಗೆ ಉಳಿದಿದ್ದು 28 ನಿಮಿಷ. ವಾರಕ್ಕೆ ಮೂರು ದಿನ ಇದೇ ಕಥೆ.

"ಮೊದಲೇ ಯಾಕೆ ಹೇಳಲಿಲ್ಲ ಮಿಸ್?" ಅಂತ ಮರುದಿನ ಕೇಳಿದೆ.

"ನೋಟಿಸ್ ಪುಸ್ತಕಕ್ಕೆ ಸಹಿ ಹಾಕಿ ಅಂದ್ರಿ ಮೇಡಂ, ಹಾಕಿದೆ."

ಮುಂದಿನ ಸಲ ಕರಡನ್ನು ಸ್ಟಾಫ್‌ರೂಮ್ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ದಾರಕ್ಕೆ ಪೆನ್ಸಿಲ್ ಕಟ್ಟಿದೆ. ಪೆನ್ ಇಟ್ಟರೆ ಸಹಿ ಹಾಕಿ ಹೋಗಿಬಿಡ್ತಾರೇನೋ ಅನ್ನೋ ಅನುಮಾನ! ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಮೂಲೆಯಲ್ಲಿ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ. ವಾರದ ಹೊತ್ತಿಗೆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಎಲ್ಲರಿಗೂ ಬೆಳಗಿನ ಪಿರಿಯಡ್ಡೇ ಬೇಕು. ಸ್ವಲ್ಪ ಜಗಳವೂ ಆಯ್ತು. ಕೊನೆಗೆ ಅವರೇ ಕೂತು ಸರದಿ ಮಾಡಿಕೊಂಡರು. ಗಣಿತ ಆಟದ ಮುಂಚೆ ಬಂತು.

ಹಾಗಂತ ನಾನು ಸುಧಾರಿಸಿಬಿಟ್ಟೆ ಅನ್ನೋ ಹಾಗಿಲ್ಲ. ಪ್ರಗತಿ ಪತ್ರ ಹೇಗಿರಬೇಕು ಅಂತ ಒಮ್ಮೆ ಅಭಿಪ್ರಾಯ ಕೇಳಿದೆ. ಅಷ್ಟರಲ್ಲಾಗಲೇ ಅದು ಪ್ರಿಂಟಿಗೆ ಹೋಗಿತ್ತು. ವಿಷಯ ಗೊತ್ತಾಯ್ತು, ಗೊತ್ತಾಗದೆ ಇರುತ್ತಾ? ಮೂರು ತಿಂಗಳು ಮತ್ತೆ ಮೌನ. ಕೇಳದೆ ಇರುವುದಕ್ಕಿಂತ ಸುಮ್ನೆ ಕೇಳುವುದು ಕೆಟ್ಟದ್ದು. ಅಂದಿನಿಂದ ಪ್ರತಿ ವಿಷಯದ ಮುಂದೆ "ಇದು ತೀರ್ಮಾನ ಆಗಿದೆ" ಅಥವಾ "ಇದು ನಿಮ್ಮ ಕೈಲಿದೆ" ಅಂತ ಮೊದಲೇ ಬರೆದು ಹಾಕುತ್ತೇನೆ. ಹೊಸಬರು ಮೊದಲು ಮಾತಾಡುತ್ತಾರೆ, ನಾನು ಕೊನೆಗೆ. ಯಾವುದಕ್ಕಾದರೂ ಆಗಲ್ಲ ಅಂದರೆ ಕಾರಣ ಬರೆದು ಕೊಡುತ್ತೇನೆ.

"ನಿರ್ಧಾರ ನಿಮ್ಮ ಕೆಲಸ, ಪಾಠ ನಮ್ಮ ಕೆಲಸ" ಅಂದರು ಒಬ್ಬ ಹಿರಿಯ ಸರ್. ಪಠ್ಯಪುಸ್ತಕ ಆರಿಸುವುದರಲ್ಲಿ ಶಿಕ್ಷಕರಿಗೆ ಮುಖ್ಯ ಪಾತ್ರ ಇರಬೇಕು ಅಂತ ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ) ಮತ್ತು ಯುನೆಸ್ಕೊ ಶಿಫಾರಸು 1966ರಲ್ಲೇ ಹೇಳಿದೆ, ನಾನು ಅದನ್ನು ಅವರಿಗೆ ತೋರಿಸಿದೆ. ಅದು ಅಂಗೀಕಾರವಾದ ಅಕ್ಟೋಬರ್ 5ನ್ನೇ ವಿಶ್ವ ಶಿಕ್ಷಕರ ದಿನ ಮಾಡಿದ್ದು. ಸರ್ ನಿಧಾನವಾಗಿ ಓದಿ, ಕನ್ನಡಕ ತೆಗೆದು, "ಚೆನ್ನಾಗಿದೆ ಮೇಡಂ. ಆದ್ರೆ ಸಂಜೆ ಬೆಲ್ ಆದ ಮೇಲೆ ಮೀಟಿಂಗ್‌ಗೆ ಕೂರೋಕೆ ನಮ್ಮಲ್ಲಿ ಜೀವ ಎಲ್ಲಿರುತ್ತೆ?" ಅಂದರು. ಇದು ನನಗೆ ಹೊಳೆದೇ ಇರಲಿಲ್ಲ. ಈಗ ತಿಂಗಳಿಗೊಂದು ದಿನ ಮಕ್ಕಳನ್ನು ಎರಡು ಪಿರಿಯಡ್ ಮೊದಲೇ ಬಿಟ್ಟು ಕೂರುತ್ತೇವೆ.

ಕಳೆದ ಮೀಟಿಂಗ್ ಒಂದೂಕಾಲು ಗಂಟೆ ಹಿಡಿಯಿತು. ಕಿರುಪರೀಕ್ಷೆಗಳನ್ನೆಲ್ಲ ಒಂದೇ ವಾರದಲ್ಲಿ ಮುಗಿಸೋಣ ಅಂತ ನಾನಿಟ್ಟ ಪ್ರಸ್ತಾಪ ಬಿದ್ದುಹೋಯ್ತು. ಬೇಜಾರಾಯ್ತು, ಸುಳ್ಳು ಹೇಳಲ್ಲ. ನಡಾವಳಿ ಪುಸ್ತಕದಲ್ಲಿ ಅದನ್ನು ಬರೆದು, ಈ ಸಲ ಕೆಳಗೆ ನಾನು ಸಹಿ ಹಾಕಿದೆ.