ಪಡುವಣ ಗೋಡೆಗೆ ಹಲಗೆ ಹೊದಿಸಿದ್ದು

ನಮ್ಮ ಮನೆ ಪಡುವಣಕ್ಕೆ ಮುಖ ಮಾಡಿದೆ. ಮಳೆ ಪಡುವಣದಿಂದಲೇ ಹೊಡೆಯುವ ಹೊಸನಗರ ತಾಲೂಕಿನಲ್ಲಿ ಬುದ್ಧಿಯಿದ್ದವರು ಹಾಗೆ ಕಟ್ಟಿಸುವುದಿಲ್ಲ. ಅಜ್ಜನಿಗೆ ಮಾತ್ರ ಜಗಲಿಯಲ್ಲಿ ಕುಳಿತು ಕೆಳಗಿನ ಅಡಿಕೆ ತೋಟ ನೋಡುವ ಆಸೆಯಿತ್ತಂತೆ. ಆ ಆಸೆಗೆ ಮೂರು ತಲೆಮಾರಿನಿಂದ ಮಳೆಗಾಲಕ್ಕೆ ಕಂದಾಯ ಕಟ್ಟುತ್ತಿದ್ದೇವೆ.

ಅಪ್ಪನ ಕಾಲದಲ್ಲಿ ಮೇ ತಿಂಗಳ ಕೊನೆಗೆ ಉಪ್ಪರಿಗೆಯ ಮಣ್ಣುಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ದೀಪಾವಳಿಯ ಹೊತ್ತಿಗೆ ಬಿಚ್ಚುತ್ತಿದ್ದರು. ಅಲ್ಲಿಯವರೆಗೆ ಮನೆಯೊಳಗೆ ಹಗಲಲ್ಲೂ ದೀಪ. ಕೆಲಸಕ್ಕೆ ಜನ ಸಿಗದ ಒಂದು ವರ್ಷ ತಟ್ಟಿ ಕಟ್ಟುವುದು ತಪ್ಪಿತು. ಆ ಜುಲೈಯಲ್ಲಿ ಒಂದು ಬೆಳಗಿನ ಜಾವ ಉಪ್ಪರಿಗೆಯ ಮುಂಗೋಡೆ ನೆನೆದ ಬೆಲ್ಲದ ಹಾಗೆ ಕುಸಿದು ಜಗಲಿಯ ಮಾಡಿನ ಮೇಲೆ ಬಿತ್ತು. ಮನುಷ್ಯರಿಗೆ ಏನೂ ಆಗಲಿಲ್ಲ, ಇನ್ನೂರು ಹಂಚು ಹೋದವು.

ಬಂದು ನೋಡಿದವರೆಲ್ಲ ಸಿಮೆಂಟ್ ಬ್ಲಾಕ್ ಎಂದರು. ಕೆಳಗಿನ ಗೋಡೆಯೂ ಮಣ್ಣಿನದೇ, ಅದರ ತಲೆಯ ಮೇಲೆ ಬ್ಲಾಕಿನ ಭಾರ ಹೇರಲು ನನಗೆ ಧೈರ್ಯ ಬರಲಿಲ್ಲ. ಅದೇ ಹೊತ್ತಿಗೆ ಪಕ್ಕದೂರಿನಲ್ಲಿ ಒಂದು ಹಳೆಯ ಮನೆ ಬಿಚ್ಚುತ್ತಿದ್ದರು. ಕೆತ್ತನೆಯ ಮುಂಡಿಗೆ ಕಂಬಗಳೆಲ್ಲ ಯಾವುದೋ ರೆಸಾರ್ಟಿಗೆ ಲಾರಿ ಹತ್ತಿದ್ದವು. ಕೆತ್ತನೆಯಿಲ್ಲದ ತೊಲೆ, ಮಾಡಿನ ಭಾರ ಹೊರುವ ಪಕಾಸಿ, ಅಟ್ಟದ ಹಲಗೆಗಳನ್ನು ಕೇಳುವವರಿರಲಿಲ್ಲ. ಹೆಬ್ಬಲಸಿನ ಹಲಗೆಗಳು, ಒಳ್ಳೆಯ ಚೇಗು ಅಂದರೆ ಗಟ್ಟಿ ತಿರುಳಿನವು, ಹೊಗೆ ಕುಡಿದು ಕಪ್ಪಾಗಿದ್ದವು. ಸೌದೆಗಿಂತ ಸ್ವಲ್ಪ ಹೆಚ್ಚಿನ ದರಕ್ಕೆ ಎರಡು ಟ್ರ್ಯಾಕ್ಟರ್ ತುಂಬ ತಂದೆ. ಸಾಲದ್ದಕ್ಕೆ ಗಾಳಿಗೆ ಬಿದ್ದಿದ್ದ ನಮ್ಮದೇ ಹಲಸಿನ ಮರವಿತ್ತು. ಹೀಗೆ ಮರದ ಮುಂಗೋಡೆ ಎಂಬುದು ನನ್ನ ಕಲಾಭಿರುಚಿಯಿಂದ ಹುಟ್ಟಿದ್ದಲ್ಲ. ಭಾರ ಕಡಿಮೆ, ಕೈಗೆ ಸಿಕ್ಕಿತು, ಅಷ್ಟೇ.

ಚಂದ ಮಾಡಬೇಕೆಂಬ ಹುಚ್ಚು ಆಮೇಲೆ ಹತ್ತಿತು. ಮೊಬೈಲಿನಲ್ಲಿ ಸಿಕ್ಕ ನಾರ್ವೆ, ಕೆನಡಾದ ಮರದ ಮನೆಗಳ ಚಿತ್ರಗಳನ್ನೆಲ್ಲ ಕೂಡಿಹಾಕಿ ಬಡಗಿ ಆಚಾರರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. ಆಮೇಲೆ ಅಂಗಳಕ್ಕಿಳಿದು, ಕುಸಿದ ಗೋಡೆಯ ಕಡೆ ತಿರುಗಿಯೂ ನೋಡದೆ ಮಾಡಿನ ಅಂಚನ್ನೇ ದಿಟ್ಟಿಸುತ್ತ ನಿಂತರು.

"ಹೆಗಡೆಯವರೇ, ಕಂಬಳಿಕೊಪ್ಪೆ ಸೊಂಟಕ್ಕೇ ನಿಂತರೆ ಮೊಣಕಾಲು ನೆನೆಯದೆ ಇರುತ್ತದೆಯೇ?"

ನಮ್ಮ ಸೂರು ಗೋಡೆಯಿಂದ ಎರಡು ಅಡಿಯಷ್ಟೇ ಚಾಚಿತ್ತು. ಅವರು ನಾಲ್ಕು ಅಡಿ ಬೇಕು ಎಂದರು. ನಾನು ಹಲಗೆಗೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಸೂರಿಗೇ ಹೋಯಿತು: ಪಕಾಸಿಗಳಿಗೆ ಜೋಡಣೆ, ಹಂಚು ಕೂರುವ ಹೊಸ ರೀಪುಪಟ್ಟಿ, ಹಂಚು, ಮತ್ತು ಅಷ್ಟು ದೂರ ಚಾಚಿದ ಸೂರು ಗಾಳಿಗೆ ಏಳದಂತೆ ಗೋಡೆಯ ಚೌಕಟ್ಟಿನಿಂದ ಓರೆಯಾಗಿ ಕೊಟ್ಟ ಆರು ಮತ್ತಿಮರದ ಆಧಾರಗಳು. ಆಗ ಹೊಟ್ಟೆ ಉರಿದಿತ್ತು. ಈಗ ಮನೆಗೆ ಬಂದವರು ಮೊದಲು ಹೊಗಳುವುದು ಆ ಆರು ಆಧಾರಗಳನ್ನೇ. ಅವುಗಳ ಕೆಳತುದಿಗೆ ಆಚಾರರು ಬಾಳೆಹೂವಿನ ಆಕಾರ ಕೊಟ್ಟರು. ಅಂದಕ್ಕೆಂದು ಮಾಡಿದ್ದಲ್ಲ, ಇಳಿದ ನೀರು ಒಂದೇ ಮೊನೆಗೆ ಬಂದು ತೊಟ್ಟಿಕ್ಕಲಿ ಎಂದು. ಸೂರು ಉದ್ದವಾದ ಮೇಲೆ ಉಪ್ಪರಿಗೆ ಕತ್ತಲಾಯಿತು. ನಾಲ್ಕು ಗಾಜಿನ ಹಂಚು ಹಾಕಿಸಿದೆ.

ಸೂರು ಆದ ಮೇಲೆ ಗೋಡೆ. ಇಪ್ಪತ್ತೆಂಟು ಅಡಿ ಅಗಲ, ಎಂಟು ಅಡಿ ಎತ್ತರ. ನಾಲ್ಕಿಂಚಿನ ಚೌಕಟ್ಟು ನಿಲ್ಲಿಸಿ ಒಳಗಡೆ ತೆಳುಹಲಗೆ ಹೊಡೆದೆವು. ಹೊರಗಡೆ ನೇರವಾಗಿ ಚೌಕಟ್ಟಿಗೇ ಹಲಗೆ ಹೊಡೆಯದೆ, ನಡುವೆ ಒಂದಿಂಚಿನ ರೀಪು ಕೊಟ್ಟು ಅದರ ಮೇಲೆ ಹಲಗೆ. ಮಳೆಗಾಲದಲ್ಲಿ ಎರಚಲು ಎಂಥ ಹಲಗೆಯ ಸಂದಿಯಲ್ಲೂ ಒಳಗೆ ಬರುತ್ತದೆ, ಅದನ್ನು ಪೂರ್ತಿ ತಡೆಯುತ್ತೇನೆ ಎನ್ನುವುದು ಭ್ರಮೆ. ಬಂದ ನೀರು ಹಿಂದುಗಡೆಯೇ ಇಳಿದು ಕೆಳಗೆ ಹೋಗಲಿ, ಹಲಗೆಯ ಬೆನ್ನಿಗೆ ಗಾಳಿಯಾಡಲಿ ಎಂದು ಆ ಒಂದಿಂಚು.

ಚಿತ್ರಗಳಲ್ಲಿ ಹಲಗೆಗಳು ಅಡ್ಡಲಾಗಿದ್ದವು, ನನಗೂ ಅದೇ ಇಷ್ಟವಾಗಿತ್ತು. ಆಚಾರರು ಒಂದು ಹಲಗೆಯನ್ನು ಅಡ್ಡ, ಒಂದನ್ನು ನೆಟ್ಟಗೆ ಹಿಡಿದು ಚೊಂಬಿನಿಂದ ನೀರು ಸುರಿದರು. ನೆಟ್ಟಗಿದ್ದದ್ದರಲ್ಲಿ ನೀರು ಎಳೆಯ ಗುಂಟ ಜಾರಿಹೋಯಿತು. ಅಡ್ಡ ಹಲಗೆಯ ಪ್ರತಿ ಗೆರೆಯಲ್ಲೂ, ಬಿರುಕಿನಲ್ಲೂ ತುಸು ನಿಂತಿತು. ನಮ್ಮ ಮನೆಗೆ ನೆಟ್ಟಗಿನ ಹಲಗೆಯೇ ಎಂದು ತೀರ್ಮಾನವಾಯಿತು. ಆರಿಂಚು ಅಗಲದ ಹಲಗೆ, ಎರಡು ಹಲಗೆಗಳ ನಡುವೆ ಅರ್ಧ ಇಂಚು ಸಂದು, ಸಂದಿನ ಮೇಲೆ ಎರಡಿಂಚಿನ ಪಟ್ಟಿ.

ಇಲ್ಲಿ ಒಂದು ಗುಟ್ಟಿದೆ, ಅದನ್ನು ತಿಳಿಯದೆ ಮಾಡಿ ಹಲಗೆ ಸೀಳಿಸಿಕೊಂಡವರನ್ನು ನಾನು ನೋಡಿದ್ದೇನೆ. ಹಲಗೆಗೆ ಅಗಲದ ನಡುವಿನಲ್ಲಿ ಮಾತ್ರ ಸ್ಕ್ರೂ ಕೊಡಬೇಕು. ಪಟ್ಟಿಯ ಸ್ಕ್ರೂ ಹಲಗೆಯನ್ನು ಮುಟ್ಟದೆ ಸಂದಿನೊಳಗಿಂದ ಹಿಂದಿನ ರೀಪಿಗೆ ಹೋಗಬೇಕು. ಮರ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ಏಪ್ರಿಲಿನಲ್ಲಿ ಅಳೆದಿಟ್ಟ ಒಂದು ಹಲಗೆಯನ್ನು ಆಗಸ್ಟಿನಲ್ಲಿ ಮತ್ತೆ ಅಳೆದೆ: ಆರಿಂಚಿಗೆ ಮೂರು ಮಿಲಿಮೀಟರ್ ಹೆಚ್ಚಿತ್ತು. ಎರಡೂ ಅಂಚಿಗೆ ಬಿಗಿದರೆ ಆ ಮೂರು ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಹಲಗೆ ಬಾಗುತ್ತದೆ, ಬೇಸಿಗೆಯಲ್ಲಿ ಕುಗ್ಗುವಾಗ ಸೀಳುತ್ತದೆ.

ಹಳೆಯ ಹಲಗೆಗಳ ಚಿಂತೆಯಿರಲಿಲ್ಲ, ಅವು ಒಣಗಿ ಎಷ್ಟೋ ಕಾಲವಾಗಿತ್ತು. ಹೊಸ ಹಲಸಿನದನ್ನು ಮಿಲ್ಲಿನಲ್ಲಿ ಕೊಯ್ಯಿಸಿ, ಒಂದರ ಮೇಲೊಂದು ನಡುವೆ ಪಟ್ಟಿ ಕೊಟ್ಟು ಕೊಟ್ಟಿಗೆಯ ನೆರಳಿನಲ್ಲಿ ಒಟ್ಟಿದೆ. ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ವಾಡಿಕೆಯ ಲೆಕ್ಕ. ನನಗೆ ನಂಬಿಕೆ ಸಾಲದೆ, ಒಂದು ತುಂಡನ್ನು ಹದಿನೈದು ದಿನಕ್ಕೊಮ್ಮೆ ಅಡಿಕೆ ತೂಗುವ ತಕ್ಕಡಿಗೆ ಹಾಕಿ ತೂಕ ಬರೆದಿಟ್ಟೆ. ತೂಕ ಇಳಿಯುವುದು ನಿಂತ ಮೇಲೆಯೇ ಕೆಲಸಕ್ಕೆ ತೆಗೆದದ್ದು. ಅಲ್ಲಿಯವರೆಗೆ ಉಪ್ಪರಿಗೆಗೆ ನೀಲಿ ಟಾರ್ಪಾಲು. "ನೆಂಟರು ಬಂದರೆ ಏನು ಹೇಳುವುದು ತಮ್ಮಾ?" ಎಂದು ಅಮ್ಮ ದಿನಾ ಕೇಳುತ್ತಿದ್ದಳು.

ಹಲಗೆಯ ಕೆಳತುದಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕೊಯ್ದ ತುದಿ ಎಂದರೆ ಹುಲ್ಲಿನ ಕಂತೆಯನ್ನು ಅಡ್ಡ ಕತ್ತರಿಸಿದ ಹಾಗೆ, ಪ್ರತಿಯೊಂದು ಎಳೆಯೂ ಬಾಯಿ ತೆರೆದುಕೊಂಡು ನೀರು ಹೀರುತ್ತದೆ. ಆದ್ದರಿಂದ ಕೆಳತುದಿಯನ್ನು ಓರೆಯಾಗಿ ಕೊಯ್ಯಬೇಕು, ಹೊರಮೈ ಉದ್ದ, ಬೆನ್ನು ಗಿಡ್ಡ. ಆಗ ಹನಿ ಹೊರಗಿನ ಮೊನೆಗೆ ಬಂದು ಬೀಳುತ್ತದೆ. ಆಚಾರರ ಜೊತೆಗಿದ್ದ ಹುಡುಗ ಮೊದಲ ಹತ್ತು ಹಲಗೆಗಳನ್ನು ಉಲ್ಟಾ ಕೊಯ್ದ. ಮೇಲಿನಿಂದ ಬಿಟ್ಟ ನೀರು ಓರೆಯ ಗುಂಟ ಹಿಂದಕ್ಕೆ ತೆವಳಿ ಬೆನ್ನಿನ ಕಡೆ ತೊಟ್ಟಿಕ್ಕತೊಡಗಿತು. ಆ ಹತ್ತನ್ನೂ ಒಂದೂವರೆ ಇಂಚು ಗಿಡ್ಡ ಮಾಡಿ ಮತ್ತೆ ಕೊಯ್ಯಬೇಕಾಯಿತು. ಹತ್ತು ಹಲಗೆ ಗಿಡ್ಡವಾದಾಗ ಸಾಲು ಕೆಡುತ್ತದಲ್ಲ, ಅದಕ್ಕೆ ಆಚಾರರು ಒಂದು ಬಿಟ್ಟು ಒಂದನ್ನು ಗಿಡ್ಡ ಮಾಡಿ ಇಡೀ ಗೋಡೆಗೆ ಹಲ್ಲುಹಲ್ಲಿನ ಅಂಚು ಕೊಟ್ಟರು. ಬೆಂಗಳೂರಿನ ಹಳೆಯ ಬಂಗಲೆಗಳ ಕಿಟಕಿಯ ಮೇಲೆ ಮರದ ಪಟ್ಟಿಗಳ ಇಳಿಮಾಡು ಇರುತ್ತದೆ, ಮಂಕಿ ಟಾಪ್ ಎನ್ನುತ್ತಾರೆ. ಅದರ ಚಹರೆ ನಮ್ಮ ಮನೆಗೆ ಬಂದದ್ದು ಹುಡುಗನ ಕೈತಪ್ಪಿನಿಂದ.

ಇನ್ನು ಬಣ್ಣ. ಇಲ್ಲಿ ನನ್ನ ಮೂರ್ಖತನದ್ದೇ ಪಾಲು ಹೆಚ್ಚು. ಗೋಡೆ ಬೀಳುವ ಮುಂಚೆಯೇ ಜಗಲಿಯ ಮುಂಡಿಗೆಗಳಿಗೆ ಪೇಟೆಯಿಂದ ತಂದ ಹೊಳೆಯುವ ವಾರ್ನಿಷ್ ಬಳಿಸಿದ್ದೆ. ಬಳಿದ ದಿನ ಮದುವೆಮನೆಯ ಕಳೆ. ಎರಡನೆಯ ಮಳೆಗಾಲಕ್ಕೆ ಹಾವಿನ ಪೊರೆಯ ಹಾಗೆ ಏಳತೊಡಗಿತು. ಬಿಸಿಲು ವಾರ್ನಿಷಿನ ಪದರವನ್ನು ದಾಟಿ ಅದರ ಅಡಿಯ ಮರದ ಮೈಯನ್ನೇ ಸಡಿಲಗೊಳಿಸುತ್ತದೆ, ಪದರ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಆಮೇಲೆ ಬಿರುಕಿನಲ್ಲಿ ಹೊಕ್ಕ ನೀರಿಗೆ ಹೊರಬರಲು ದಾರಿಯಿಲ್ಲ, ಪೊರೆಯ ಕೆಳಗೆ ಮರ ಕರಿಹಿಡಿಯುತ್ತದೆ. ಅದನ್ನು ಕೆರೆದು ತೆಗೆಯಲು ಬಳಿದದ್ದರ ನಾಲ್ಕು ಪಟ್ಟು ಕೂಲಿ ಕೊಟ್ಟೆ.

ಹಲಗೆಗೆ ಹಾಗಾಗಬಾರದೆಂದು ಮರದೊಳಗೆ ಇಳಿಯುವ ಎಣ್ಣೆಯನ್ನೇ ಆರಿಸಿದೆ. ಕಾಯಿಸಿದ ಅಗಸೆ ಎಣ್ಣೆಗೆ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ ಮೊದಲ ಕೈ, ಟರ್ಪೆಂಟೈನ್ ಕಡಿಮೆ ಮಾಡಿ ಎರಡನೆಯದು. ಕೊಯ್ದ ತುದಿಗಳಿಗೆ ಕುಡಿದಷ್ಟೂ ಕುಡಿಸಿದೆವು. ಕಣ್ಣಿಗೆ ಬೀಳದ ಬೆನ್ನಿಗೂ ರೀಪಿಗೂ ಗೇರು ಎಣ್ಣೆ. ಕರಾವಳಿಯಲ್ಲಿ ದೋಣಿಗೆ ಬಳಿಯುತ್ತಿದ್ದ ಅದೇ ಎಣ್ಣೆ, ಒರಲೆಗೆ (ಗೆದ್ದಲಿಗೆ) ಆಗದು. ಮನುಷ್ಯನ ಚರ್ಮಕ್ಕೂ ಆಗದು. ಕೈಗವಸು ಹರಿದದ್ದು ಗೊತ್ತಾಗದೆ ನನ್ನ ಎಡಗೈ ಹದಿನೈದು ದಿನ ಸಿಪ್ಪೆ ಏಳುತ್ತಿತ್ತು. ಇನ್ನೊಂದು ಎಚ್ಚರ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅದು ತಾನಾಗಿ ಕಾಯುತ್ತದೆ. ಸಂಜೆ ಕೊಟ್ಟಿಗೆಯ ಮೂಲೆಯಿಂದ ಹೊಗೆ ವಾಸನೆ ಬಂದು ಓಡಿಹೋಗಿ ನೋಡಿದರೆ ಬಟ್ಟೆಯ ಮುದ್ದೆ ಮುಟ್ಟಲಾಗದಷ್ಟು ಬಿಸಿ. ಪಕ್ಕದಲ್ಲೇ ಒಣಹುಲ್ಲು. ಅಂದಿನಿಂದ ಒರೆಸಿದ ಬಟ್ಟೆಯೆಲ್ಲ ನೇರವಾಗಿ ನೀರಿನ ಬಕೆಟ್ಟಿಗೆ.

ಎಣ್ಣೆಯೂ ದೇವರಲ್ಲ. ಮೊದಲ ಮಳೆಗಾಲದಲ್ಲೇ ದಕ್ಷಿಣದ ತುದಿಯಲ್ಲಿ ಕಪ್ಪು ಬೂಷ್ಟು ಚುಕ್ಕೆಯಿಟ್ಟಿತು. ಅಂಟುವಾಳದ ನೀರಿನಲ್ಲಿ ತೆಂಗಿನ ನಾರಿನ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಮತ್ತೆ ಎಣ್ಣೆ ಹಾಕಿದೆವು. ಎರಡು ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಈ ಕೆಲಸ ಇದ್ದೇ ಇದೆ.

ನಡುವೆ ಜಪಾನಿನ ಸುಟ್ಟ ಹಲಗೆಯ ವಿದ್ಯೆ, ಯಾಕಿಸುಗಿ, ನನ್ನ ತಲೆ ಕೆಡಿಸಿತ್ತು. ನಮ್ಮಲ್ಲೂ ಬೇಲಿಗೂಟದ ಬುಡ ಸುಟ್ಟು ಹುಗಿಯುವುದುಂಟಲ್ಲ ಎಂದು, ಕೊಟ್ಟಿಗೆಯ ಗೋಡೆಗೆ ಅಕೇಶಿಯಾದ ಎಂಟು ಹಲಗೆಗಳನ್ನು ಗ್ಯಾಸಿನ ಉರಿಯಲ್ಲಿ ಸುಟ್ಟೆ. ಅವರದು ಸುಗಿ ಎಂಬ ಮೆತ್ತನೆಯ ಮರ, ಸಮನಾಗಿ ಕರಟುತ್ತದೆ. ಅಕೇಶಿಯಾ ಒಂದೆಡೆ ಕೆಂಡ, ಇನ್ನೊಂದೆಡೆ ಹಸಿ. ನೋಡಲು ಚೆನ್ನಾಗಿಯೇ ಇತ್ತೆನ್ನಿ. ಆದರೆ ಮೈ ಉಜ್ಜಿದ ದನಗಳೂ ಮಕ್ಕಳೂ ಕರಿಮೂತಿಯಾಗಿ ಓಡಾಡಿದವು. ಆ ಪ್ರಯೋಗ ಎಂಟು ಹಲಗೆಗೇ ನಿಂತಿತು.

ಮೊಳೆಯ ವಿಷಯದಲ್ಲಿ ಆಚಾರರೇ ನನ್ನ ಮಾತು ಕೇಳಲಿಲ್ಲ. ನಾನು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಎಂದೆ, ಅವರು ದುಬಾರಿ ಎಂದು ಉತ್ತರದ ಮೂಲೆಯಲ್ಲಿ ಮಾಮೂಲಿ ಕಬ್ಬಿಣದ ಮೊಳೆ ಹೊಡೆದರು. ಒಂದೇ ಮಳೆಗೆ ಪ್ರತಿ ಮೊಳೆಯಿಂದ ಕಾಡಿಗೆ ಕಣ್ಣೀರಿನ ಗೆರೆ ಇಳಿಯಿತು. ಹಿಂದಿನವರು ಅಳಲೆಕಾಯಿಯ ಒಗರಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಕಥೆ: ಮರದ ಒಗರು, ಕಬ್ಬಿಣ, ನೀರು. ಆ ಮೂಲೆಯನ್ನು ಹಾಗೆಯೇ ಬಿಟ್ಟಿದ್ದೇನೆ. ಅವರು ಬಂದಾಗಲೆಲ್ಲ ಆ ಕಡೆ ನೋಡದೆ ಮೆಟ್ಟಿಲು ಹತ್ತುತ್ತಾರೆ.

ಸ್ಕ್ರೂ ಹಾಕಿದ್ದರ ಲಾಭ ತಿಳಿದದ್ದು ಮೂರನೆಯ ವರ್ಷ. ಹಲಗೆಯ ಹಿಂದಿನ ಸಂದಿಗೆ ಕೆಳಗೆ ತಂತಿಬಲೆ ಹಾಕಿದ್ದೆವು, ಮೇಲೆ ಮರೆತಿದ್ದೆವು. ಫೆಬ್ರುವರಿಯಲ್ಲಿ ಗೋಡೆಯೊಳಗಿಂದ ಗುಂಯ್ ಶಬ್ದ. ತುಡುವೆ ಜೇನು ಚೌಕಟ್ಟಿನ ಟೊಳ್ಳಿನೊಳಗೆ ಸಂಸಾರ ಹೂಡಿತ್ತು. ಎರಡು ಪಟ್ಟಿ, ಒಂದು ಹಲಗೆ ಬಿಚ್ಚಿದರೆ ನಾಲ್ಕು ಎರಿಗಳು ಸಾಲಾಗಿ ತೂಗುತ್ತಿದ್ದವು. ಎರಿಗಳನ್ನು ಕೊಯ್ದು ಪೆಟ್ಟಿಗೆಯ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಿ, ಸಂಜೆಯ ಹೊತ್ತಿಗೆ ಹಲಗೆಯನ್ನು ಮತ್ತೆ ಅಲ್ಲೇ ಕೂರಿಸಿ ಆಗಿತ್ತು. ಮೊಳೆ ಹೊಡೆದಿದ್ದರೆ ಹಲಗೆ ಸೀಳದೆ ಬರುತ್ತಿರಲಿಲ್ಲ. ಆ ಪೆಟ್ಟಿಗೆ ಈಗ ತೋಟದ ಅಂಚಿನಲ್ಲಿದೆ.

ಮನೆಯ ಮುಖವನ್ನೆಲ್ಲ ಮರದಿಂದ ಮುಚ್ಚಲಿಲ್ಲ. ಕೆಳಗೆ ಸುಣ್ಣದ ಬಿಳಿ ಗೋಡೆ, ಮೇಲೆ ಕಂದು ಹಲಗೆ, ನಡುವೆ ಜಗಲಿಯ ಮಾಡಿನ ಕೆಂಪು ಹಂಚು. ಬಿಳಿ ಇಲ್ಲದಿದ್ದರೆ ಮನೆ ಉಗ್ರಾಣದಂತೆ ಕಾಣುತ್ತಿತ್ತು. ಜಗಲಿಗೆ ಮಾತ್ರ ಮರದ ದಳಿ ಮಾಡಿಸಿದೆ, ಪಟ್ಟಿಗಳ ಮೇಲಂಚನ್ನು ಹೊರಕ್ಕೆ ಇಳಿಜಾರು ಮಾಡಿ. ಮುಂಡಿಗೆಗಳ ಬುಡ ನೆಲಕ್ಕೆ ತಾಗದೆ ಅಜ್ಜನ ಕಾಲದಿಂದಲೂ ಕಲ್ಲಿನ ಮೇಲೆಯೇ ಇದ್ದವು. ಅದನ್ನು ಮುಚ್ಚಿ ಟೈಲ್ಸ್ ಹಾಕಿಸೋಣ ಎಂದಿದ್ದ ನನ್ನನ್ನು ಅಮ್ಮ ಬೈದಿದ್ದು ನೆನಪಿದೆ.

ಒಮ್ಮೆ ಮಗಳ ಜೊತೆ ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಲು ಹೋಗಿದ್ದೆ. 1784ರ ಮರದ ಅರಮನೆ. ಅವಳು ಗೋಡೆಯ ಚಿತ್ರಗಳನ್ನು ನೋಡುತ್ತಿದ್ದಳು, ನಾನು ಸುತ್ತಲಿನ ಜಗಲಿಯನ್ನೂ ಅದಕ್ಕೆ ಇಳಿಬಿಟ್ಟ ಹಸಿರು ಪರದೆಗಳನ್ನೂ ಹೆಜ್ಜೆಯಲ್ಲಿ ಅಳೆಯುತ್ತಿದ್ದೆ. ಅಲ್ಲಿ ಕಾಟ ಬಿಸಿಲಿನದು, ನಮ್ಮಲ್ಲಿ ಎರಚಲಿನದು, ಉಪಾಯ ಮಾತ್ರ ಒಂದೇ. "ಅಪ್ಪಾ, ಇಲ್ಲಿಯೂ ಸೂರೇ?" ಎಂದು ಅವಳು ನಕ್ಕಳು.

ಆರು ಮಳೆಗಾಲ ಕಳೆದಿವೆ. ಹಲಗೆಗಳಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ಈಗ ನನಗೂ ಗುರುತು ಸಿಗುವುದಿಲ್ಲ. ಸೂರಿನ ನೆರಳು ಬೀಳುವ ಮೇಲಿನ ಭಾಗ ಇನ್ನೂ ಕಂದು, ಮಳೆ ಬಿಸಿಲು ಹೊಡೆಯುವ ಕೆಳಭಾಗ ಬೂದಿ. ನಡುವಿನ ಗೆರೆ ಯಾರೋ ದಾರ ಹಿಡಿದು ಎಳೆದಷ್ಟು ನೇರ. ನನಗೆ ಅದು ಇಷ್ಟ. ನನ್ನ ಹೆಂಡತಿಗೆ ಅದು ಅರ್ಧ ತೊಳೆದ ಪಾತ್ರೆಯಂತೆ ಕಾಣುತ್ತದೆ, ಎಲ್ಲಕ್ಕೂ ಒಂದೇ ಬಣ್ಣ ಬಳಿಸಿ ಎಂದು ಪ್ರತಿ ಬೇಸಿಗೆ ಹೇಳುತ್ತಾಳೆ. ಈ ತಕರಾರು ಇತ್ಯರ್ಥವಾಗಿಲ್ಲ.

ನೈಋತ್ಯ ಮೂಲೆಯ ಎರಡು ಹಲಗೆಗಳ ತುದಿ ಉಗುರಿಗೆ ಮೆತ್ತಗಾಗಿದೆ. ಅದೇ ಹಲಸಿನ ಮರದ ನಾಲ್ಕು ಹಲಗೆಗಳು ಅಟ್ಟದ ಮೇಲಿವೆ. ಮಳೆ ಬಿಟ್ಟ ಮೇಲೆ ಬರುತ್ತೇನೆಂದು ಆಚಾರರು ಹೇಳಿದ್ದಾರೆ. ಸ್ಕ್ರೂ ನಾನೇ ತಂದಿಟ್ಟಿದ್ದೇನೆ.